ಮಕ್ಕಳ ಪಾರ್ಕ್ ಮಾಡಿಸ್ತಿದೀರಾ? ಕ್ಯಾಟಲಾಗ್ ಮುಚ್ಚಿಟ್ಟು ಮೊದ್ಲು ನೆಲ ನೋಡಿ

ನಮ್ಮ ಲೇಔಟಲ್ಲಿ ಮಕ್ಕಳ ಆಟಕ್ಕೆ ಅಂತ ಬಿಟ್ಟಿದ್ದ ಮೂಲೆ ಜಾಗಕ್ಕೆ ಎಲ್ರೂ ಚಂದಾ ಹಾಕಿ ಕೆಂಪು ಹಳದಿ ಪ್ಲಾಸ್ಟಿಕ್ಕಿನ ದೊಡ್ಡ ಸೆಟ್ ತರಿಸಿದ್ವಿ, ಟೇಪ್ ಕಟ್ ಮಾಡಿದ್ವಿ, ಲಾಡು ಹಂಚಿದ್ವಿ, ಹದಿನೈದು ದಿನ ಬಿಟ್ಟು ನೋಡಿದ್ರೆ ಸಾಯಂಕಾಲ ನಾಲ್ಕೂವರೆಗೆ ಅಲ್ಲಿ ಒಂದು ಮಗೂನೂ ಇಲ್ಲ. ಎಲ್ಲಾ ಹಿಂದಿನ ರಸ್ತೇಲಿ ಯಾರೋ ಮನೆ ಕಟ್ಟೋಕೆ ಸುರಿಸಿದ್ದ ಮರಳು ರಾಶಿ ಮೇಲೆ! ಹತ್ತೋದು, ಉರುಳೋದು, ಕಾಲಿನ ಮೇಲೆ ಮರಳು ಮೆತ್ತಿ ಕಪ್ಪೆಗೂಡು ಕಟ್ಟೋದು, ಮೇಸ್ತ್ರಿ ಬಂದು ಗದರಿದ್ರೆ ಓಡೋದು, ಅವ್ರು ಆ ಕಡೆ ತಿರುಗಿದ್ರೆ ಮತ್ತೆ ಬರೋದು.

ಅವತ್ತು ನಮಗೆಲ್ಲಾ ಸ್ವಲ್ಪ ಅವಮಾನ ಆಯ್ತು, ನಿಜ. ಆಮೇಲೆ ಕೂತು ಯೋಚ್ನೆ ಮಾಡಿದಾಗ ಗೊತ್ತಾಗಿದ್ದು, ತಪ್ಪು ಮಕ್ಕಳದಲ್ಲ. ಆ ಸೆಟ್ಟಲ್ಲಿ ಇದ್ದಿದ್ದು ಒಂದೇ ಕೆಲ್ಸ, ಮೆಟ್ಲು ಹತ್ತಿ ಜಾರೋದು. ಕೆಳಗೆ ಇಂಟರ್‌ಲಾಕ್ ಟೈಲ್ಸು, ಮೇಲೆ ಬಿಸಿಲು. ಮರಳು ರಾಶೀಲಿ ಹತ್ತು ಕೆಲ್ಸ ಇತ್ತು, ಬಿದ್ರೆ ನೋವಾಗ್ತಾ ಇರ್ಲಿಲ್ಲ. ಹಾಗಾಗಿ ಎರಡನೇ ಸಲ ಎಲ್ಲಾನೂ ಉಲ್ಟಾ ಮಾಡಿದ್ವಿ, ಸಾಮಾನು ಕೊನೇಗೆ, ನೆಲ ಮೊದ್ಲು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಲ್ಲಿ, ಶಾಲೆ ಎಸ್‌ಡಿಎಂಸಿಲಿ, ಅಂಗನವಾಡಿ ಕಮಿಟೀಲಿ ಇರೋರು ಯಾರಾದ್ರೂ ಇದೇ ಕೆಲ್ಸಕ್ಕೆ ಕೈ ಹಾಕಿದ್ರೆ ಉಪಯೋಗ ಆಗ್ಲಿ ಅಂತ ನಾವು ಕಲ್ತಿದ್ದನ್ನ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ.

ಮೊದಲ ಹೆಜ್ಜೆ: ಮೂರು ಸಾಯಂಕಾಲ ಸುಮ್ನೆ ಕೂತು ನೋಡಿ

ಒಂದು ನೋಟ್‌ಬುಕ್ ತಗೊಂಡು ಮಕ್ಕಳು ಎಲ್ಲಿ ಸೇರ್ತಾರೋ ಅಲ್ಲಿ ಕೂತ್ಕೊಳ್ಳಿ. ಯಾವ ಸಾಮಾನಲ್ಲಿ ಆಡ್ತಿದಾರೆ ಅಂತ ಬರೀಬೇಡಿ, ಮೈಯಿಂದ ಏನು ಮಾಡ್ತಿದಾರೆ ಅಂತ ಬರೀರಿ. ಹತ್ತೋದು, ನೇತಾಡೋದು, ತೂಗೋದು, ಗಿರಗಿರ ತಿರುಗೋದು, ಕಟ್ಟೆ ಅಂಚಲ್ಲಿ ಬ್ಯಾಲೆನ್ಸ್ ಮಾಡೋದು, ಅಗೆಯೋದು, ಬಚ್ಚಿಟ್ಕೊಳ್ಳೋದು, ಸುಮ್ನೆ ಕೂತು ಬೇರೆಯವ್ರನ್ನ ನೋಡೋದು. ನಿಮ್ಮ ಪಾರ್ಕಿನ ಪಟ್ಟಿ ಇದೇ, ಕ್ಯಾಟಲಾಗಲ್ಲಿರೋದಲ್ಲ.

ನಮ್ಮ ಹಳೇ ಆಟಗಳನ್ನ ನೆನಪು ಮಾಡ್ಕೊಂಡ್ರೆ ಇದು ಬೇಗ ಅರ್ಥ ಆಗತ್ತೆ. ಮರಕೋತಿ ಆಡಿದ ಮಗು ಹತ್ತತ್ತೆ, ನೇತಾಡತ್ತೆ, ಕೊಂಬೆ ತಡೆಯತ್ತಾ ಇಲ್ವಾ ಅಂತ ಲೆಕ್ಕ ಹಾಕತ್ತೆ. ಕುಂಟೆಬಿಲ್ಲೇಲಿ ಒಂಟಿಕಾಲ ಬ್ಯಾಲೆನ್ಸು. ಕೆರೆ-ದಡದಲ್ಲಿ ಕಿವಿಗೆ ಬಿದ್ದ ಮಾತಿಗೆ ಮೈಯನ್ನ ತಡೆದು ನಿಲ್ಸೋದು, ಹೇಳೋನು "ದಡ" ಅಂತ ಮೋಸ ಮಾಡಿದ್ರೂ ಹಾರದೆ ಇರೋದು ಚಿಕ್ಕ ಮಕ್ಕಳಿಗೆ ಎಷ್ಟು ಕಷ್ಟ ಅಂತ ಆಡ್ಸಿದೋರಿಗೆ ಗೊತ್ತು. ಉತ್ತರ ಕರ್ನಾಟಕದ ಕಡೆ ನಾಗರಪಂಚಮಿಗೆ ಬೇವಿನ ಮರಕ್ಕೋ ಆಲದ ಮರಕ್ಕೋ ಜೋಕಾಲಿ ಕಟ್ಟಿ ಮಕ್ಕಳಿಂದ ಹಿಡಿದು ಮದುವೆ ಆದ ಹೆಣ್ಮಕ್ಕಳ ತನಕ ಜೀಕ್ತಾರೆ. ಆ ಮರಾನೂ ಆ ಬಯಲೂ ಈಗ ಬಡಾವಣೇಲಿ ಇಲ್ಲ, ಅದಕ್ಕೇ ಕಬ್ಬಿಣ ತಂದು ನಿಲ್ಲಿಸ್ತಿದೀವಿ, ಅಷ್ಟೇ ವಿಷ್ಯ.

ಒಂದು ಸ್ವಾರಸ್ಯದ ಸಂಗತಿ, ಈಗ ಎಲ್ಲಾ ಕಡೆ ಇರೋ ಜಂಗಲ್ ಜಿಮ್ ಇದೆಯಲ್ಲ, ಪೈಪ್ ಚೌಕಗಳದ್ದು, ಅದಕ್ಕೆ ಅಮೆರಿಕದ ಸೆಬಾಸ್ಟಿಯನ್ ಹಿಂಟನ್ ಅನ್ನೋ ವಕೀಲರು 1923ರಲ್ಲಿ ಪೇಟೆಂಟ್ ಪಡೆದ್ರು. ಐಡಿಯಾ ಅವರ ಅಪ್ಪನದ್ದು. ಅಪ್ಪ ಗಣಿತದವರು, ಜಪಾನಿನಲ್ಲಿದ್ದಾಗ ಮಕ್ಕಳಿಗೆ ಜಾಗದ ಆಯಾಮಗಳನ್ನ ಕಲಿಸೋಕೆ ಬಿದಿರಿನ ಚೌಕಟ್ಟು ಕಟ್ಟಿಸಿದ್ರಂತೆ, ಮಕ್ಕಳು ಗಣಿತ ಬಿಟ್ಟು ಕೋತಿ ಥರ ಹತ್ತಿದ್ದೇ ಮಗನ ನೆನಪಲ್ಲಿ ಉಳೀತು. ಪಾಠದ ಸಾಮಾನನ್ನ ಮಕ್ಕಳೇ ಆಟದ ಸಾಮಾನು ಮಾಡ್ಕೊಂಡಿದ್ದು!

ಯಾವ ಚಲನೆಯಿಂದ ಏನು ಬೆಳೆಯತ್ತೆ

ಇದನ್ನ ತಿಳ್ಕೊಳ್ದೆ ದುಡ್ಡು ಖರ್ಚು ಮಾಡ್ಬೇಡಿ. ಉಯ್ಯಾಲೆ ಅಂದ್ರೆ ಬರೀ ಖುಷಿ ಅಲ್ಲ. ನಮ್ಮ ಒಳಕಿವೀಲಿ ದ್ರವ ತುಂಬಿರೋ ಮೂರು ಅರ್ಧವೃತ್ತದ ನಾಳಗಳಿವೆ, ಒಂದೊಂದು ಕಿವಿಗೆ ಮೂರು, ತಲೆ ತಿರುಗಿದಾಗ ಆ ದ್ರವ ಅಲ್ಲಾಡಿ ಮಿದುಳಿಗೆ ಸುದ್ದಿ ಹೋಗತ್ತೆ. ಪಕ್ಕದಲ್ಲೇ ಇರೋ ಇನ್ನೆರಡು ಪುಟ್ಟ ಚೀಲಗಳು ಮೇಲೆ ಕೆಳಗೆ, ಹಿಂದೆ ಮುಂದೆ ಹೋಗೋದನ್ನ ಹೇಳ್ತವೆ. ತೂಗಾಡೋದು, ತಿರುಗಣಿ ತಿರುಗೋದು, ಇಳಿಜಾರಲ್ಲಿ ಉರುಳೋದು ಇವೆಲ್ಲಾ ಆ ವ್ಯವಸ್ಥೆಗೆ ಕೆಲ್ಸ ಕೊಡ್ತವೆ, ಸಮತೋಲ ಬರೋದು, ಕಣ್ಣು ಒಂದೇ ಕಡೆ ನಿಲ್ಸೋದು ಇದಕ್ಕೆಲ್ಲಾ ಅದರ ಜೊತೆ ಸಂಬಂಧ ಇದೆ. ಮಗು ತಾನೇ ಕಾಲು ಚಾಚಿ ಮಡಚಿ ಜೀಕೋಕೆ ಕಲಿಯೋದು ಇನ್ನೊಂದು ಮೆಟ್ಟಿಲು, ಯಾವಾಗ ಜಗ್ಗಬೇಕು ಅನ್ನೋ ಟೈಮಿಂಗ್ ಅದು, ನಾವು ಹಿಂದೆ ನಿಂತು ತಳ್ತಾನೇ ಇದ್ರೆ ಅದು ಬರೋದು ತಡ ಆಗತ್ತೆ.

ನೇತಾಡೋದರಿಂದ ಹಿಡಿತ, ಮಣಿಕಟ್ಟು, ಭುಜ ಗಟ್ಟಿ ಆಗತ್ತೆ. ಪೆನ್ಸಿಲ್ ಹಿಡಿಯೋ ಬೆರಳಿಗೆ ಹಿಂದಿನಿಂದ ಆಸರೆ ಕೊಡೋದು ಭುಜಾನೇ, ಹಾಗಾಗಿ ಯುಕೆಜಿ ಮಗೂಗೆ ಇನ್ನೊಂದು ಪುಟ ಕಾಪಿ ಬರ್ಸೋ ಮೊದ್ಲು ಹತ್ತು ನಿಮಿಷ ನೇತಾಡೋಕೆ ಬಿಡಿ ಅನ್ನೋದು ನನ್ನ ವಾದ (ಮನೇಲಿ ಇದಕ್ಕೆ ಒಪ್ಪಿಗೆ ಇಲ್ಲ). ಹತ್ತೋದರಲ್ಲಿ ಮುಂದಿನ ಹೆಜ್ಜೆ ಯಾವುದು ಅನ್ನೋ ಯೋಜನೆ ಇದೆ. ಮರಳು ನೀರಲ್ಲಿ ಬೆರಳಿನ ಸೂಕ್ಷ್ಮ ಕೆಲ್ಸ, ಸುರಿಯೋದು, ಅಳೆಯೋದು. ಸೀ-ಸಾ (ಎರಡೂ ತುದೀಲಿ ಕೂತು ಏರಿಳಿಯೋ ಹಲಗೆ) ಅಂತೂ ಇನ್ನೊಬ್ಬರಿಲ್ದೆ ಆಡೋಕೇ ಆಗಲ್ಲ, ಎದುರಿನೋನು ದಪ್ಪ ಇದ್ರೆ ನಾನು ಹಿಂದೆ ಸರೀಬೇಕು ಅನ್ನೋದು ಅಲ್ಲೇ ಗೊತ್ತಾಗತ್ತೆ.

ಮಿಲ್ಡ್ರೆಡ್ ಪಾರ್ಟನ್ ಅನ್ನೋ ಸಂಶೋಧಕಿ 1932ರಲ್ಲೇ ಮಕ್ಕಳು ಹೇಗೆ ಜೊತೆ ಸೇರ್ತಾರೆ ಅಂತ ವಿಂಗಡಿಸಿ ತೋರ್ಸಿದ್ರು. ಒಬ್ಬೊಬ್ರೇ ಆಡೋದು, ನಿಂತು ನೋಡೋದು, ಪಕ್ಕಪಕ್ಕ ಕೂತು ಬೇರೆ ಬೇರೆ ಆಡೋದು, ಆಮೇಲೆ ಜೊತೆ ಸೇರಿ ಆಡೋದು. ಇದ್ರಿಂದ ನಮಗೇನು ಅಂದ್ರೆ, ಎರಡು ಮೂರು ವರ್ಷದ ಮಕ್ಕಳು ಪಕ್ಕಪಕ್ಕ ಆಡೋ ವಯಸ್ಸಲ್ಲಿರ್ತಾರೆ, "ಶೇರ್ ಮಾಡು ಪುಟ್ಟಾ" ಅಂತ ಎಷ್ಟು ಹೇಳಿದ್ರೂ ಬರಲ್ಲ, ಅದಕ್ಕೇ ಆ ವಯಸ್ಸಿನ ಸಾಮಾನು ಏನೇ ಇದ್ರೂ ಎರಡೆರಡು ಇಡಿ.

ಎರಡನೇ ಹೆಜ್ಜೆ: ಟೇಪ್ ಹಿಡಿದು ಅಳೀರಿ

ನಮ್ಮ ಜಾಗ 30-40 ಸೈಟಿನಷ್ಟು. ಅದರಲ್ಲಿ ಎಲ್ಲಾ ಹಾಕಬಹುದು ಅಂದ್ಕೊಂಡಿದ್ವಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಒಂದಿದೆ, ಯಾರು ಬೇಕಾದ್ರೂ ಓದಬಹುದು, ಅದರ ಲೆಕ್ಕ ಹಿಡಿದು ಕೂತಾಗ ಕಣ್ಣು ತೆರೀತು. ಪ್ರತಿ ಸಾಮಾನಿನ ಸುತ್ತ 6 ಅಡಿ ಖಾಲಿ ಇರ್ಬೇಕು. ಉಯ್ಯಾಲೆಗೆ ಮಾತ್ರ ಬೇರೆ ಲೆಕ್ಕ, ಮೇಲಿನ ಕಂಬಿ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ಮುಂದೆ, ಎರಡರಷ್ಟು ಹಿಂದೆ. ಅಂದ್ರೆ 8 ಅಡಿ ಎತ್ತರದ ಉಯ್ಯಾಲೆಗೆ ಹಿಂದೆ ಮುಂದೆ ಸೇರಿ 32 ಅಡಿ, 30 ಅಡಿ ಅಗಲದಲ್ಲಿ ಅದು ಕೂರೋದೇ ಇಲ್ಲ! 6 ಅಡಿಗೆ ಇಳಿಸಿದ್ರೆ 24 ಅಡಿ ಸಾಕು. ನಮ್ಮ ಮೊದಲ ಸಲದ ಉಯ್ಯಾಲೆ ಕಾಂಪೌಂಡ್ ಗೋಡೆಗೆ ಐದಡಿ ದೂರದಲ್ಲಿತ್ತು, ಮಕ್ಕಳು ಕಾಲಲ್ಲಿ ಗೋಡೆ ಒದ್ದು ಜೀಕ್ತಿದ್ರು, ನಾವು ನಗ್ತಾ ನೋಡ್ತಿದ್ವಿ, ಈಗ ನೆನೆಸ್ಕೊಂಡ್ರೆ ಭಯ ಆಗತ್ತೆ.

ಒಂದು ಚೌಕಟ್ಟಿಗೆ ಎರಡೇ ಉಯ್ಯಾಲೆ. ಮೂರನೇದು ಹಾಕಿದ್ರೆ ಮಧ್ಯದ ಮಗು ಇಳಿದು ಹೊರಗೆ ಬರೋವಾಗ ಪಕ್ಕದವ್ರ ಕಾಲು ಬಡಿಯತ್ತೆ. ಎರಡರ ಮಧ್ಯೆ ಕನಿಷ್ಠ 2 ಅಡಿ ಬಿಡಿ, ಕಂಬಕ್ಕೂ ಉಯ್ಯಾಲೆಗೂ ಎರಡೂವರೆ ಅಡಿ. ಗೇಟಿಂದ ಬಂದ ಮಗು ನೇರ ಓಡಿ ಉಯ್ಯಾಲೆ ಮುಂದೆ ಹೋಗೋ ಹಾಗೆ ಇರ್ಬಾರದು, ಉಯ್ಯಾಲೆ ಯಾವಾಗ್ಲೂ ಒಂದು ಮೂಲೇಲಿ.

ಇಷ್ಟೆಲ್ಲಾ ಅಳೆದ್ಮೇಲೆ ನಮ್ಮ ಜಾಗಕ್ಕೆ ಒಂದು ಉಯ್ಯಾಲೆ ಚೌಕಟ್ಟು, ಒಂದು ಜಾರುಬಂಡೆ, ಒಂದು ಮರಳುಗುಂಡಿ, ಒಂದು ಚಿಕ್ಕ ಮಂಕಿ ಬಾರ್ (ಕೈಯಲ್ಲಿ ನೇತಾಡ್ತಾ ದಾಟೋ ಅಡ್ಡ ಕಂಬಿಗಳ ಏಣಿ), ಅಷ್ಟೇ ಹಿಡಿಸಿದ್ದು. ಸಾಕು. ಖಾಲಿ ಜಾಗಾನೂ ಒಂದು ಸಾಮಾನೇ, ಲಗೋರಿ ಮತ್ತೆಲ್ಲಿ ಆಡ್ತಾರೆ?

ಮೂರನೇ ಹೆಜ್ಜೆ: ನೆಲ (ಅರ್ಧ ದುಡ್ಡು ಇಲ್ಲೇ ಹೋಗ್ಲಿ)

ಇಂಟರ್‌ಲಾಕ್ ಟೈಲ್ಸು, ಕಾಂಕ್ರೀಟು, ಗಟ್ಟಿ ಮಣ್ಣು, ಇವು ಮೂರೂ ಹತ್ತೋ ಸಾಮಾನಿನ ಕೆಳಗೆ ಬೇಡವೇ ಬೇಡ. ಹುಲ್ಲು ಚೆನ್ನಾಗಿ ಕಾಣತ್ತೆ, ಆದ್ರೆ ಮಕ್ಕಳು ಕಾಲಿಡೋ ಕಡೆ ಎರಡೇ ತಿಂಗಳಲ್ಲಿ ಸವೆದು ಸಿಮೆಂಟಿನಂಗೆ ಆಗತ್ತೆ, ಹಾಗಾಗಿ ಅದನ್ನೂ ಲೆಕ್ಕಕ್ಕೆ ಇಟ್ಕೋಬೇಡಿ.

ಅದೇ ಕೈಪಿಡಿ ಪ್ರಕಾರ 9 ಇಂಚು ಆಳದ ಮರಳು 4 ಅಡಿ ಎತ್ತರದಿಂದ ಬೀಳೋದನ್ನ ತಡೆಯತ್ತೆ, 9 ಇಂಚು ಮಲ್ಚ್ ಥರದ ಸಣ್ಣ ಮರದ ಚೂರು 7 ಅಡಿ ತನಕ. ಇದು ಅದುಮಿ ಕೂತ ಮೇಲಿನ ಅಳತೆ, ಅಂದ್ರೆ ಸುರಿಯೋವಾಗ 12 ಇಂಚು ಸುರೀಬೇಕು. ಉಯ್ಯಾಲೇಲಿ ಬೀಳೋ ಎತ್ತರ ಅಂದ್ರೆ ಸೀಟಿನ ಎತ್ತರ ಅಲ್ಲ, ಮೇಲಿನ ಕಂಬಿ ಎತ್ತರ, ಇದನ್ನ ತುಂಬಾ ಜನ ತಪ್ಪು ತಿಳ್ಕೋತಾರೆ. ಹಾಗಾಗಿ ನಾವು ಉಯ್ಯಾಲೆ ಮತ್ತೆ ಮಂಕಿ ಬಾರ್ ಕೆಳಗೆ ಮರದ ಚೂರು ಹಾಕಿದ್ವಿ, ಜಾರುಬಂಡೆ ಅಟ್ಟಣೆ 4 ಅಡಿಗಿಂತ ಕೆಳಗೆ ಇಟ್ಟು ಅದರ ಕೆಳಗೆ ಮರಳು. ಮರದ ಚೂರು ಸಾಮಿಲ್ಲಲ್ಲಿ ಸಿಗತ್ತೆ, ಆದ್ರೆ ಕೆಮಿಕಲ್ ಹೊಡೆದ ಮರದ್ದು ಬೇಡ, ಮೊಳೆ ಇದೆಯಾ ನೋಡಿ, ಗೆದ್ದಲು ಬರತ್ತೆ, ವರ್ಷಕ್ಕೊಮ್ಮೆ ಹೊಸದು ಸೇರಿಸ್ತಿರ್ಬೇಕು.

ಎಂ-ಸ್ಯಾಂಡ್ ಹಾಕೋಣ ಅಗ್ಗ ಅಂತ ನಮ್ಮಲ್ಲೂ ಒಬ್ರು ಹೇಳಿದ್ರು. ಕಲ್ಲು ಪುಡಿ ಮಾಡಿದ್ದಾದ್ರಿಂದ ಅದರ ಕಣ ಚೂಪು, ಪುಡಿ ಧೂಳೂ ಇರತ್ತೆ, ಮಳೆ ಬಿದ್ರೆ ಕಚ್ಕೊಂಡು ಗಟ್ಟಿಯಾಗತ್ತೆ. ದುಂಡನೆ ಕಣದ, ತೊಳೆದ ಮರಳೇ ಬೇಕು, ದುಬಾರಿ ಆದ್ರೂ ಪರವಾಗಿಲ್ಲ, ಜಾಗ ಚಿಕ್ಕದು ಮಾಡಿ.

ಗುಂಡಿ ತೋಡಿಸೋ ವಿಧಾನ: ಒಂದೂಮುಕ್ಕಾಲು ಅಡಿ ಆಳ ತೆಗೆದು, ಕೆಳಗೆ ನಾಲ್ಕೈದು ಇಂಚು ಜೆಲ್ಲಿ, ಅದರ ಮೇಲೆ ನೀರು ಇಳಿಯೋ ಥರದ ಬಟ್ಟೆ, ಮಣ್ಣು ಕೆಲಸದೋರ ಹತ್ರ ಸಿಗತ್ತೆ, ಆಮೇಲೆ ಮರಳು. ಜೆಲ್ಲಿ ಹಾಕ್ದೆ ಬಿಟ್ರೆ ಮೊದಲ ಮಳೆಗೇ ಅದು ಕೆರೆ. ರಾತ್ರಿ ಟಾರ್ಪಾಲು ಅಥವಾ ಬಲೆ ಮುಚ್ಚಿ, ಇಲ್ಲಾಂದ್ರೆ ಬೆಕ್ಕುಗಳು ಅದನ್ನ ಅವುಗಳ ಕಕ್ಕಸು ಮಾಡ್ಕೋತವೆ. ರಬ್ಬರ್ ನೆಲಾನೂ ಇದೆ, ವೀಲ್‌ಚೇರ್ ಓಡಾಡೋಕೆ ಒಳ್ಳೇದು, ಆದ್ರೆ ಬಿಸಿಲಿಗೆ ಕಾಯತ್ತೆ, ಬರಿಗಾಲಲ್ಲಿ ನೀವೇ ಏಪ್ರಿಲ್ ಮಧ್ಯಾಹ್ನ ಒಂದ್ಸಲ ನಿಂತು ನೋಡಿ.

ನಾಲ್ಕನೇ ಹೆಜ್ಜೆ: ನೆರಳು

ಜಾರುಬಂಡೆ ಉತ್ತರಕ್ಕೆ ಮುಖ ಮಾಡಿಸಿ, ಬಿಸಿ ಆಗಲ್ಲ ಅಂತ ವಿದೇಶದ ಪುಸ್ತಕಗಳಲ್ಲಿ ಬರೆದಿರತ್ತೆ. ಅಲ್ಲಿಗೆ ಸರಿ. ನಮ್ಮಲ್ಲಿ ಸೂರ್ಯ ನೆತ್ತಿ ಮೇಲೇ ಬರ್ತಾನೆ, ಬೆಂಗಳೂರಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತೆ ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನ ಕಂಬದ ನೆರಳೇ ಕಾಣಲ್ಲ, ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಬರತ್ತಲ್ಲ ಅದೇ. ಆ ಬಿಸಿಲಿಗೆ ದಿಕ್ಕು ಬದಲಾಯಿಸಿ ಏನೂ ಆಗಲ್ಲ, ಮೇಲಿಂದಾನೇ ನೆರಳು ಬೇಕು. ಮಕ್ಕಳು ಬರೋದು ಸ್ಕೂಲ್ ಮುಗಿಸಿ ನಾಲ್ಕರ ಮೇಲೆ, ಆಗ ಬಿಸಿಲು ಪಶ್ಚಿಮದಿಂದ ಓರೆಯಾಗಿ ಹೊಡೆಯತ್ತೆ, ಹಾಗಾಗಿ ಮರ ಪಶ್ಚಿಮದ ಕಡೆ ನೆಡಿ.

ಹೊಂಗೆ, ಬೇವು ಒಳ್ಳೇದು. ಗುಲ್‌ಮೊಹರ್ ಚೆಂದ, ಆದ್ರೆ ಗಾಳಿ ಮಳೆಗೆ ಕೊಂಬೆ ಪಟಾರ್ ಅಂತ ಮುರಿಯತ್ತೆ. ಕಣಗಿಲೆ ಗಿಡ ಪಾರ್ಕುಗಳಲ್ಲಿ ಬೇಲಿ ಥರ ನೆಟ್ಟಿರ್ತಾರೆ, ಎಲೆ ಹೂವು ಬೀಜ ಎಲ್ಲಾ ವಿಷ, ಮಕ್ಕಳ ಜಾಗದಿಂದ ಕೀಳ್ಸಿ. ಮರ ಬೆಳೆಯೋ ತನಕ ಹಸಿರು ಶೇಡ್ ನೆಟ್ ಕಟ್ಟಿದ್ರೂ ಆಯ್ತು, ನರ್ಸರಿಯವ್ರು ಹಾಕ್ತಾರಲ್ಲ ಅದು.

ಐದನೇ ಹೆಜ್ಜೆ: ಈಗ ಸಾಮಾನು, ವಯಸ್ಸು ನೋಡಿ

ಎರಡರಿಂದ ಐದು ವರ್ಷದವ್ರು, ಐದರಿಂದ ಹನ್ನೆರಡರವ್ರು, ಇಬ್ರಿಗೂ ಒಂದೇ ಸಾಮಾನು ಹಾಕಿದ್ರೆ ಚಿಕ್ಕವ್ರು ಬೀಳ್ತಾರೆ, ದೊಡ್ಡವ್ರಿಗೆ ಬೋರ್ ಆಗಿ ಛಾವಣಿ ಮೇಲೆ ಹತ್ತಿ ಕೂರ್ತಾರೆ. ಜಾಗ ಚಿಕ್ಕದಿದ್ರೂ ಮಧ್ಯೆ ಒಂದು ಕಟ್ಟೇನೋ ಗಿಡದ ಸಾಲೋ ಇಟ್ಟು ಬೇರೆ ಮಾಡಿ. ಒಂದು ವರ್ಷದ ಕೂಸಿಗೆ ಬಕೆಟ್ ಥರ ಸುತ್ತ ಮುಚ್ಚಿರೋ ಉಯ್ಯಾಲೆ ಸೀಟು ಬೇಕು, ಅದು ಬೇರೇದೇ ಚೌಕಟ್ಟಲ್ಲಿ. ಮಂಕಿ ಬಾರ್ ನಾಲ್ಕು ವರ್ಷದೊಳಗಿನವ್ರಿಗೆ ಬೇಡ, ದೊಡ್ಡ ಮಕ್ಕಳಿಗೂ 7 ಅಡಿ ಮೀರ್ಬಾರದು.

ಜಾರುಬಂಡೆ ಇಳಿಜಾರು ಸರಾಸರಿ 30 ಡಿಗ್ರಿ ಒಳಗೆ. ಹಾಗಂದ್ರೆ 4 ಅಡಿ ಎತ್ತರಕ್ಕೆ ನೆಲದ ಮೇಲೆ ಸುಮಾರು 7 ಅಡಿ ಉದ್ದ. ಒಂದು ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಪಾಪೂನ ತೊಡೆ ಮೇಲೆ ಕೂರಿಸ್ಕೊಂಡು ಜಾರೋ ಅಪ್ಪಂದಿರೇ ಅಮ್ಮಂದಿರೇ, ದಯವಿಟ್ಟು ಬೇಡ. ಮಗೂನ ಶೂ ಪಕ್ಕದ ಅಂಚಿಗೆ ಸಿಕ್ಕಿದ್ರೆ ಮಗು ಒಂದೇ ಇದ್ದಾಗ ಅಲ್ಲೇ ನಿಲ್ಲತ್ತೆ, ನಿಮ್ಮ ಭಾರ ಹಿಂದೆ ಇದ್ರೆ ನಿಲ್ಲಲ್ಲ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಮುರಿಯತ್ತೆ. ಚಿಕ್ಕ ಮಕ್ಕಳು ಜಾರುಬಂಡೇಲಿ ಕಾಲು ಮುರ್ಕೊಳ್ಳೋ ದೊಡ್ಡ ಕಾರಣ ಇದೇ.

ದುಡ್ಡು ಕಮ್ಮಿ ಇದ್ರೆ ಬೇಜಾರು ಬೇಡ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಆಮ್‌ಸ್ಟರ್‌ಡ್ಯಾಮಲ್ಲಿ ಆಲ್ಡೋ ವಾನ್ ಐಕ್ ಅನ್ನೋ ಯುವ ಆರ್ಕಿಟೆಕ್ಟ್ 1947ರಲ್ಲಿ ಒಂದು ಚೌಕದಲ್ಲಿ ಕಾಂಕ್ರೀಟ್ ಕಟ್ಟೆಯ ಮರಳುಗುಂಡಿ, ನಾಲ್ಕು ದುಂಡು ಕಲ್ಲು, ಒಂದಿಷ್ಟು ಕಂಬಿ ಇಟ್ಟು ಶುರು ಮಾಡಿದ್ರು, ಮುಂದಿನ ಮೂವತ್ತು ವರ್ಷದಲ್ಲಿ ಊರಲ್ಲಿ ಏಳುನೂರಕ್ಕೂ ಹೆಚ್ಚು ಆದವು. ಆನೆ ಮೂತಿ, ರಾಕೆಟ್ಟು ಅಂತ ಯಾವ ಆಕಾರಾನೂ ಇಲ್ಲ, ಕಲ್ಲು ಕಲ್ಲೇ, ಅದು ಬಸ್ಸೋ ಅಂಗಡಿಯೋ ಅಂತ ಮಕ್ಕಳೇ ತೀರ್ಮಾನ ಮಾಡ್ತಾರೆ. ನಮ್ಮ ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಅನ್ನೋ ಸಂಸ್ಥೆಯವ್ರು ಹಳೇ ಟೈರಲ್ಲೇ ಶಾಲೆಗಳಿಗೆ ಆಟದ ಜಾಗ ಮಾಡಿಕೊಡ್ತಾರೆ. ನೀವೇ ಟೈರ್ ಹಾಕೋದಾದ್ರೆ ಕೆಳಭಾಗಕ್ಕೆ ತೂತು ಕೊರೆಸಿ, ನೀರು ನಿಂತ್ರೆ ಡೆಂಗಿ ಸೊಳ್ಳೆ ಮೊಟ್ಟೆ ಇಡತ್ತೆ. ಜೊತೆಗೆ ತೆಂಗಿನ ಚಿಪ್ಪು, ಹಳೇ ಸೌಟು, ಬಿದಿರ ತುಂಡು, ಒಂದು ನಲ್ಲಿ. ನಮ್ಮ ಪಾರ್ಕಲ್ಲಿ ಅತೀ ಜಾಸ್ತಿ ಜಗಳ ನಡೆಯೋದು ಒಂದು ತೂತಾದ ಅಲ್ಯೂಮಿನಿಯಂ ಪಾತ್ರೆಗೆ.

ಆರನೇ ಹೆಜ್ಜೆ: ವೆಲ್ಡಿಂಗ್‌ನೋರಿಗೆ ಹೇಳ್ಬೇಕಾದ ಮೂರು ಮಾತು

ಮಕ್ಕಳಿಗೆ ಕಾಣೋ ಅಪಾಯ ಬೇರೆ, ಕಾಣದ ಅಪಾಯ ಬೇರೆ. ಎತ್ತರ ಅವ್ರಿಗೆ ಕಾಣತ್ತೆ, ಹೆದರ್ತಾರೆ, ಲೆಕ್ಕ ಹಾಕ್ತಾರೆ, ಇವತ್ತು ಎರಡು ಮೆಟ್ಲು ನಾಳೆ ಮೂರು ಅಂತ ಹತ್ತಿ ಧೈರ್ಯ ಬೆಳೆಸ್ಕೋತಾರೆ. ಅದನ್ನ ತೆಗೀಬೇಡಿ. ತೆಗೀಬೇಕಾಗಿರೋದು ಅವ್ರಿಗೆ ಗೊತ್ತಾಗದೇ ಇರೋದನ್ನ.

ಸಂದು: ಎರಡು ಕಂಬಿ ಮಧ್ಯೆ 3.5 ಇಂಚಿಗಿಂತ ಕಮ್ಮಿ ಇರ್ಬೇಕು, ಇಲ್ಲಾ 9 ಇಂಚಿಗಿಂತ ಜಾಸ್ತಿ ಇರ್ಬೇಕು. ನಡುವಿನ ಅಳತೇಲಿ ಕಾಲು ಮೊದ್ಲು ತೂರಿಸಿದ ಮಗೂನ ಮೈ ಪೂರ್ತಿ ದಾಟಿ ತಲೆ ಮಾತ್ರ ಸಿಕ್ಕೊಂಡು ನೇತಾಡತ್ತೆ. ನಮ್ಮ ಹಳೇ ರೇಲಿಂಗಲ್ಲಿ ಐದಿಂಚು ಇತ್ತು, ಟೇಪ್ ಹಿಡಿಯೋ ತನಕ ಯಾರಿಗೂ ಹೊಳೀಲಿಲ್ಲ.

ಪೈಪು: ಹಿಡ್ಕೊಳ್ಳೋ ಕಂಬಿ ದಪ್ಪ ಹೊರಗಿಂದ ಅಳೆದ್ರೆ ಒಂದರಿಂದ ಒಂದೂವರೆ ಇಂಚು. ಗಟ್ಟಿ ಇರ್ಲಿ ಅಂತ ಎರಡಿಂಚಿನ ಪೈಪ್ ಹಾಕ್ಬಿಡ್ತಾರೆ, ಆರು ವರ್ಷದ ಮಗೂಗೆ ಅದು ಮುಷ್ಟೀಲಿ ಹಿಡಿಯಲ್ಲ, ಜಾರತ್ತೆ. ಅಂಗಡೀಲಿ 1 ಇಂಚಿನ ಜಿಐ ಪೈಪ್ ಅಂತ ಕೇಳಿ, ಹೊರಗಿನ ಅಳತೆ ಸುಮಾರು 1.3 ಇಂಚು ಬರತ್ತೆ, ಸರಿಹೋಗತ್ತೆ.

ಕೊಕ್ಕೆ: ಸರಪಳಿಯ ಎಸ್ ಆಕಾರದ ಕೊಕ್ಕೆ ಬಾಯಿ ಪೂರ್ತಿ ಮುಚ್ಚಿರ್ಬೇಕು. ಒಂದು ರೂಪಾಯಿ ನಾಣ್ಯದ ಅಂಚು ತೂರಿದ್ರೂ ಸುತ್ತಿಗೇಲಿ ಹೊಡೆದು ಮುಚ್ಸಿ. ಬೋಲ್ಟ್ ಚಾಚ್ಕೊಂಡಿದ್ರೆ ಕ್ಯಾಪ್ ಹಾಕ್ಸಿ, ಅದಕ್ಕೆ ದುಪಟ್ಟಾ, ಕೊರಳಿನ ತಾಯಿತದ ದಾರ ಸಿಕ್ಕೊಂಡ್ರೆ ಜಾರೋವಾಗ ಬಿಗಿಯತ್ತೆ, ಆಟಕ್ಕೆ ಕಳ್ಸೋ ಮುಂಚೆ ಅವನ್ನೂ ತೆಗೆದಿಡಿ.

ಪಾರ್ಕುಗಳಲ್ಲಿ ಓಪನ್ ಜಿಮ್ ಸಾಮಾನು ಮಕ್ಕಳ ಮೂಲೆ ಪಕ್ಕದಲ್ಲೇ ಇಟ್ಟಿರ್ತಾರೆ, ಅದು ದೊಡ್ಡವ್ರ ಅಳತೇದು, ಅದರ ಸಂದಿಗೆ ಮಕ್ಕಳ ಬೆರಳು ಸಲೀಸಾಗಿ ಹೋಗತ್ತೆ. ದೂರ ಇರ್ಲಿ.

ಏಳನೇ ಹೆಜ್ಜೆ: ಯಾರು ಬರ್ತಿಲ್ಲ ನೋಡಿ

ಬೆಂಗಳೂರಲ್ಲಿ ವಿಶೇಷ ಚೇತನ ಮಕ್ಕಳ ಪೋಷಕರೇ ಸೇರಿ ಮಾಡಿದ ಕಿಲಿಕಿಲಿ ಅನ್ನೋ ಸಂಸ್ಥೆ ಇದೆ, ಫ್ರೇಜರ್ ಟೌನಿನ ಕೋಲ್ಸ್ ಪಾರ್ಕಲ್ಲಿ ಪಾಲಿಕೆ ಜೊತೆ ಸೇರಿ ಎಲ್ಲಾ ಮಕ್ಕಳೂ ಒಟ್ಟಿಗೆ ಆಡೋ ಜಾಗ ಮಾಡಿದ್ರು. ಹೋಗಿ ನೋಡಿ ಬನ್ನಿ, ನಾವೂ ಹೋಗಿದ್ವಿ. ಬಂದ್ಮೇಲೆ ಗೇಟಿನ ಮೆಟ್ಲು ಒಡೆಸಿ ರ‍್ಯಾಂಪ್ ಮಾಡಿಸಿದ್ವಿ, ಮರಳುಗುಂಡಿಯ ಒಂದು ಭಾಗ ಮೇಜಿನೆತ್ತರಕ್ಕೆ ಏರ್ಸಿದ್ವಿ, ವೀಲ್‌ಚೇರಲ್ಲಿ ಕೂತ ಮಗು ಕೈ ಚಾಚಿ ಆಡೋ ಹಾಗೆ. ಈಗ ಬೆನ್ನು ಬಗ್ಗಿಸೋಕಾಗದ ಅಜ್ಜೀರೂ ಅಲ್ಲೇ ನಿಂತು ಮೊಮ್ಮಕ್ಕಳ ಜೊತೆ ಮರಳಾಡ್ತಾರೆ.

ಇನ್ನೊಂದು, ಹತ್ತು ವರ್ಷ ದಾಟಿದ ಹೆಣ್ಮಕ್ಕಳು. ಒಂದೇ ದೊಡ್ಡ ಬಯಲಿದ್ರೆ ಕ್ರಿಕೆಟ್ ಹುಡುಗ್ರು ಪೂರ್ತಿ ಹಿಡ್ಕೋತಾರೆ, ಇವ್ರು ಮನೆಗೆ ಹೋಗ್ಬಿಡ್ತಾರೆ. ವಿಯೆನ್ನಾದಲ್ಲಿ 1990ರ ದಶಕದಲ್ಲಿ ಇದನ್ನೇ ಗಮನಿಸಿ ಪಾರ್ಕುಗಳನ್ನ ಚಿಕ್ಕ ಚಿಕ್ಕ ಭಾಗ ಮಾಡಿ, ಓಡಾಡೋ ದಾರಿ, ಕೂರೋ ಜಾಗ ಸೇರಿಸಿದ್ರು, ಹುಡುಗೀರು ವಾಪಸ್ ಬಂದ್ರು. ನಾವು ಮಾಡಿದ್ದು ಇಷ್ಟೇ, ಎದುರುಬದುರು ಎರಡು ಕಲ್ಲು ಬೆಂಚು, ಒಂದು ಲೈಟು.

ಕೊನೇದು: ತಿಂಗಳಿಗೊಂದು ಭಾನುವಾರ

ಕಂಬಕ್ಕೆ ಮರಳಿನ ಮಟ್ಟದಲ್ಲಿ ಕೆಂಪು ಪೇಂಟಲ್ಲಿ ಗೆರೆ ಎಳೆದಿಡಿ, ಗೆರೆ ಕೆಳಗೆ ಮರಳು ಇಳಿದ್ರೆ ತುಂಬ್ಸಿ, ಉಯ್ಯಾಲೆ ಕೆಳಗೆ ಮತ್ತೆ ಜಾರುಬಂಡೆ ತುದೀಲಿ ಬೇಗ ಹಳ್ಳ ಬೀಳತ್ತೆ, ಅದನ್ನ ಗುದ್ದಲೀಲಿ ಎಳೆದು ಸಮ ಮಾಡಿ. ಸರಪಳಿ ಕೊಂಡಿ ಸವೆದಿದೆಯಾ, ಕಂಬದ ಬುಡದಲ್ಲಿ ತುಕ್ಕು ಇದೆಯಾ, ಕಾಂಕ್ರೀಟ್ ಪಾದ ಮೇಲೆ ಕಾಣ್ತಿದೆಯಾ ನೋಡಿ. ಇಬ್ರು ಇದ್ರೆ ಅರ್ಧ ಗಂಟೆ ಕೆಲ್ಸ.

ಬೋರ್ಡ್ ಬರ್ಸೋವಾಗ "ಓಡಬೇಡಿ, ಕೂಗಬೇಡಿ, ಜಾರುಬಂಡೆ ಉಲ್ಟಾ ಹತ್ತಬೇಡಿ" ಅಂತ ಬರ್ಸಬೇಡಿ. ನಮ್ಮ ಹಳೇ ಬೋರ್ಡಲ್ಲಿ ಹನ್ನೊಂದು "ಬೇಡಿ" ಇದ್ವು. ಹೊಸದರಲ್ಲಿ ಎರಡೇ ಸಾಲು, ಒಂದು ಯಾವ ಭಾಗ ಯಾವ ವಯಸ್ಸಿನವ್ರಿಗೆ ಅಂತ, ಇನ್ನೊಂದು ಏನಾದ್ರೂ ಮುರಿದಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ. ಉಲ್ಟಾ ಹತ್ತೋ ವಿಷ್ಯ ಮಕ್ಕಳೇ ಬಗೆಹರಿಸ್ಕೊಂಡಿದಾರೆ, ಮೇಲಿನೋರು "ಬರ್ತೀನೀ" ಅಂತ ಕೂಗ್ತಾರೆ, ಕೆಳಗಿನೋರು ಪಕ್ಕಕ್ಕೆ ಹಾರ್ತಾರೆ.